ತರಗತಿಯಲ್ಲಿ ಕರುಣೆ: ಹಾಜರಿಯಿಂದ ಟಿ.ಸಿ.ವರೆಗೆ ಶಿಕ್ಷಕರಿಗೊಂದು ಮಾರ್ಗದರ್ಶಿ

‘ಮಕ್ಕಳ ಮೇಲೆ ಕರುಣೆ ಇರಲಿ’ ಎಂಬ ಮಾತನ್ನು ಶಿಕ್ಷಕರಾದ ನಾವು ತರಬೇತಿಗಳಲ್ಲಿ ಎಷ್ಟೋ ಸಲ ಕೇಳಿರುತ್ತೇವೆ. ಆದರೆ ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಎರಡು ತರಗತಿಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು, ಮೇಜಿನ ಮೇಲೆ ಬಿಸಿಯೂಟದ ಲೆಕ್ಕದ ಪುಸ್ತಕವನ್ನೂ ಇಟ್ಟುಕೊಂಡು ನಿಂತಾಗ, ಆ ಕರುಣೆ ಯಾವ ಗಳಿಗೆಯಲ್ಲಿ, ಯಾವ ಮಾತಿನಲ್ಲಿ ಕಾಣಿಸಿಕೊಳ್ಳಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಕಲಿಸುವವರನ್ನು, ಅದರಲ್ಲೂ ಸರ್ಕಾರಿ ಶಾಲೆಗಳ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಗಳಿಗೆಗಳನ್ನು ಒಂದೊಂದಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಕರುಣೆಯನ್ನು ಕನಿಕರದಿಂದ ಬೇರ್ಪಡಿಸಿಕೊಳ್ಳುವುದು ಅಗತ್ಯ. ‘ಪಾಪ, ಅವಳಿಗೆ ಅಪ್ಪ ಇಲ್ಲ, ಲೆಕ್ಕ ಬರದಿದ್ದರೂ ನಡೆಯುತ್ತದೆ ಬಿಡಿ’ ಎನ್ನುವುದು ಕನಿಕರ. ಕೇಳಲು ಮೃದುವಾಗಿದ್ದರೂ ಆ ಮಾತು ಮಗುವಿನ ಕೈ ಬಿಟ್ಟಿರುತ್ತದೆ. ‘ಅವಳಿಗೆ ಲೆಕ್ಕ ಬರಲೇಬೇಕು, ಬರದಂತೆ ಅಡ್ಡ ನಿಂತಿರುವುದು ಏನೆಂದು ನೋಡೋಣ’ ಎನ್ನುವವರು ಕರುಣೆಯ ಕೆಲಸಕ್ಕೆ ಕೈ ಹಾಕಿದ್ದಾರೆ. ಮಗುವಿನ ಬಗ್ಗೆ ತೀರ್ಪು ಕೊಡುವ ಮೊದಲು ತಿಳಿದುಕೊಳ್ಳುವ ಶ್ರಮ ಎಂಬ ಅರ್ಥದಲ್ಲಿಯೇ ಈ ಬರಹದುದ್ದಕ್ಕೂ ಕರುಣೆ ಎಂಬ ಪದವನ್ನು ಬಳಸಿದ್ದೇನೆ.

ಹಂತ 1: ಜೂನ್ ತಿಂಗಳ ಮೊದಲ ಹದಿನೈದು ದಿನ ಗಮನಿಸಿ, ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಂಡು ಪ್ರತಿ ಮಗುವಿಗೆ ಅರ್ಧ ಪುಟ ಮೀಸಲಿಡಿ. ಇದು ಇಲಾಖೆಗೆ ತೋರಿಸುವ ದಾಖಲೆಯಲ್ಲ, ನಿಮ್ಮದೇ ಖಾಸಗಿ ಪುಸ್ತಕ. ಆದ್ದರಿಂದ ಮಕ್ಕಳ ಕೈಗೂ ಸಹೋದ್ಯೋಗಿಗಳ ಕೈಗೂ ಸಿಗದಂತೆ ಇಟ್ಟುಕೊಳ್ಳಬೇಕು. ಮಗು ಯಾರೊಂದಿಗೆ ಶಾಲೆಗೆ ಬರುತ್ತದೆ, ಮನೆಯಲ್ಲಿ ಯಾವ ಮಾತು ಆಡುತ್ತದೆ, ಎಲ್ಲಿ ಕೂರಲು ಬಯಸುತ್ತದೆ, ಬೋರ್ಡ್ ನೋಡಿ ಬರೆಯುತ್ತದೆಯೋ ಪಕ್ಕದವರ ಪುಸ್ತಕ ನೋಡಿ ಬರೆಯುತ್ತದೆಯೋ ಎಂಬಂತಹ ವಿವರಗಳು ಅದರಲ್ಲಿರಲಿ.

ಇಲ್ಲಿ ಒಂದೇ ನಿಯಮ: ಕಂಡದ್ದನ್ನು ಬರೆಯಬೇಕು, ಅಭಿಪ್ರಾಯವನ್ನು ಬರೆಯಬಾರದು. ‘ಸೋಮಾರಿ’ ಎಂದು ಬರೆದರೆ ಮುಂದೆ ತಿಳಿದುಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ‘ಮಂಗಳವಾರ ತಡ, ಮುಂದಿನ ಮಂಗಳವಾರವೂ ತಡ’ ಎಂದು ಬರೆದರೆ, ಮಂಗಳವಾರ ಊರಿನ ಸಂತೆ ಎಂಬುದು ನೆನಪಾಗಿ, ಆ ಹುಡುಗ ಬೆಳಿಗ್ಗೆ ತಾಯಿಯ ಜೊತೆ ಸೊಪ್ಪಿನ ಬುಟ್ಟಿ ಹೊತ್ತು ಹೋಗಿರಬಹುದು ಎಂದು ವಿಚಾರಿಸುವ ದಾರಿ ತೆರೆದುಕೊಳ್ಳುತ್ತದೆ. ಪಕ್ಕದವರ ಪುಸ್ತಕವನ್ನೇ ನೋಡುವ ಮಗುವನ್ನು ‘ಕಾಪಿ ಹೊಡೆಯುತ್ತದೆ’ ಎನ್ನುವ ಮೊದಲು ಬೋರ್ಡಿನ ಅಕ್ಷರ ಅದಕ್ಕೆ ಕಾಣುತ್ತಿದೆಯೇ ಎಂದು ಹಿಂದಿನ ಬೆಂಚಿನಿಂದ ಓದಿಸಿ ನೋಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ವೈದ್ಯರ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ತಪಾಸಣೆಗೆ ಬರುತ್ತದೆ. ಅವರು ಬಂದ ದಿನ ಸಾಲು ಹಿಡಿದು ಮಕ್ಕಳನ್ನು ಕಳುಹಿಸುವುದಕ್ಕಿಂತ, ನಿಮ್ಮ ಪುಸ್ತಕ ನೋಡಿ ‘ಈ ನಾಲ್ವರ ಕಣ್ಣು, ಈ ಇಬ್ಬರ ಕಿವಿ ಸ್ವಲ್ಪ ಜಾಸ್ತಿ ಹೊತ್ತು ನೋಡಿ’ ಎಂದು ಹೇಳಲು ಸಾಧ್ಯವಾದರೆ ಆ ಭೇಟಿಗೆ ನಿಜವಾದ ಪ್ರಯೋಜನವಿರುತ್ತದೆ.

ಹಂತ 2: ಹಾಜರಿ ಕರೆಯುವ ಐದು ನಿಮಿಷ

ದಿನದಲ್ಲಿ ಪ್ರತಿಯೊಂದು ಮಗುವಿನ ಹೆಸರನ್ನೂ ನೀವು ತಪ್ಪದೆ ಉಚ್ಚರಿಸುವ ಸಮಯ ಇದೊಂದೇ. ಸಂಖ್ಯೆ ಕರೆದು ಮುಗಿಸುವ ಅಭ್ಯಾಸವಿದ್ದರೆ ಬಿಡಿ. ಹೆಸರನ್ನು ಪೂರ್ತಿಯಾಗಿ ಕರೆದು, ಒಂದು ಕ್ಷಣ ತಲೆಯೆತ್ತಿ ಆ ಮುಖವನ್ನು ನೋಡಿ. ‘ಕುಳ್ಳ’, ‘ಕರಿಯ’, ‘ತಾಂಡಾದವಳು’, ‘ಕಾಲೋನಿಯವನು’ ಎಂಬ ಕರೆಗಳನ್ನು, ಅವು ಎಷ್ಟೇ ಸಲಿಗೆಯಿಂದ ಬಂದಿರಲಿ, ನಿಮ್ಮ ಬಾಯಿಂದಲೂ ಮಕ್ಕಳ ಬಾಯಿಂದಲೂ ತೆಗೆದುಹಾಕಬೇಕು.

ಗೈರುಹಾಜರಾಗಿ ಮರಳಿ ಬಂದ ಮಗುವಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ನಾನೇ ತಪ್ಪು ಮಾಡಿದ್ದೇನೆ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಐದನೆಯ ತರಗತಿಗೆ ಕಲಿಸುತ್ತಿದ್ದ ವರ್ಷ, ತಾಂಡಾದ ಒಬ್ಬ ಹುಡುಗಿ ದೀಪಾವಳಿ ಕಳೆದ ಮೇಲೆ ಬರುವುದನ್ನು ನಿಲ್ಲಿಸಿದಳು. ಆ ಭಾಗದ ತಾಂಡಾಗಳ ಅನೇಕ ಕುಟುಂಬಗಳು ಕಬ್ಬು ಕಡಿಯುವ ಹಂಗಾಮಿನಲ್ಲಿ ಊರು ಬಿಡುತ್ತವೆ. ಅವಳ ಮನೆಯವರೂ ಹಾಗೆಯೇ ಹೋಗಿದ್ದರು. ಮಾರ್ಚ್ ತಿಂಗಳಲ್ಲಿ ಒಂದು ದಿನ ಅವಳು ಬಾಗಿಲಲ್ಲಿ ಬಂದು ನಿಂತಾಗ ನಾನು ಹಾಜರಿ ಪುಸ್ತಕದಿಂದ ತಲೆಯೆತ್ತಿ, “ಏನವ್ವಾ, ಈಗ ಸಾಲಿ ನೆನಪ ಬಂತೇನು?” ಎಂದೆ. ತರಗತಿ ನಕ್ಕಿತು. ಅವಳೂ ಸ್ವಲ್ಪ ನಕ್ಕಳು. ಮರುದಿನದಿಂದ ನಾಲ್ಕು ದಿನ ಬರಲಿಲ್ಲ. ಅವಳನ್ನು ಕರೆತರಲು ಐದನೆಯ ದಿನ ನಾನು ತಾಂಡಾಕ್ಕೆ ನಡೆದು ಹೋಗಬೇಕಾಯಿತು. ನಾಲ್ಕು ತಿಂಗಳೂ ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲಿ ಎರಡು ವರ್ಷದ ತಮ್ಮನನ್ನು ನೋಡಿಕೊಂಡಿದ್ದಳು ಎಂಬುದು ಅಲ್ಲಿ ತಿಳಿಯಿತು.

ಅಂದಿನಿಂದ ನಾನು ಪಾಲಿಸುವ ಕ್ರಮ ಹೀಗಿದೆ. ಮಗು ಮರಳಿ ಬಂದಾಗ ಬಾಗಿಲಲ್ಲಿ ಕಾಯಿಸದೆ, “ಬಂದೇನವ್ವಾ? ಚಲೋ ಆತು, ಕುಂದ್ರು” ಎಂದಷ್ಟೇ ಹೇಳಿ ಒಳಗೆ ಕರೆಯುತ್ತೇನೆ. ಅದು ಇಲ್ಲದಾಗಲೂ ಅದರ ಜಾಗವನ್ನು ಬೇರೆಯವರಿಗೆ ಕಾಯಂ ಮಾಡಿಕೊಟ್ಟಿರುವುದಿಲ್ಲ. ಎಲ್ಲಿಗೆ ಹೋಗಿದ್ದರು, ಏನಾಯಿತು ಎಂಬುದನ್ನು ಬಿಡುವಿನ ಅವಧಿಯಲ್ಲಿ, ಬೇರೆ ಮಕ್ಕಳ ಕಿವಿಗೆ ಬೀಳದಂತೆ ಕೇಳುತ್ತೇನೆ. ತಪ್ಪಿಹೋದ ಪಾಠಗಳ ಪೈಕಿ ಮುಂದಿನದಕ್ಕೆ ತೀರಾ ಅಗತ್ಯವಾದ ಎರಡು ಮೂರನ್ನು ಮಾತ್ರ ಆರಿಸಿ, ಒಂದು ವಾರದಲ್ಲಿ ಕಲಿಸುವ ಲೆಕ್ಕ ಹಾಕುತ್ತೇನೆ. ಎಲ್ಲ ನೋಟ್ಸನ್ನೂ ಗೆಳತಿಯ ಪುಸ್ತಕ ನೋಡಿ ಬರೆದುಕೊ ಎಂದು ಹೇಳುವುದು ಶಿಕ್ಷೆಯ ಇನ್ನೊಂದು ರೂಪವೇ ಆಗಿದೆ.

ಹಂತ 3: ತಪ್ಪು ಉತ್ತರ ಬಂದಾಗ

ಮಗುವಿನ ಮಾನ ಹೋಗುವುದೂ ಉಳಿಯುವುದೂ ಹೆಚ್ಚಾಗಿ ಇಲ್ಲಿಯೇ. ಮೊದಲ ಕೆಲಸ, ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು ವಿಜ್ಞಾನದ ತರಗತಿಗಳನ್ನು ಅಧ್ಯಯನ ಮಾಡಿ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಆ ಅವಧಿಯನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವ ಮಕ್ಕಳೂ ಹೆಚ್ಚಾಗುತ್ತಾರೆ ಎಂದು 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಡಿಮೆಯೆನಿಸಬಹುದು. ನಾಳೆ ತರಗತಿಯಲ್ಲಿ ಮನಸ್ಸಿನೊಳಗೇ ಎಣಿಸಿ ನೋಡಿ, ಅದು ಎಷ್ಟು ದೀರ್ಘವೆಂದು ತಿಳಿಯುತ್ತದೆ.

ಎರಡನೆಯದು, ತಪ್ಪಿನ ಒಳಗಿರುವ ತರ್ಕವನ್ನು ಓದುವುದು. 52ರಿಂದ 37 ಕಳೆದು 25 ಎಂದು ಬರೆದ ಮಗು ಲೆಕ್ಕ ಬಾರದ ಮಗುವಲ್ಲ. ಎರಡರಿಂದ ಏಳು ಹೋಗುವುದಿಲ್ಲವೆಂದು ಏಳರಿಂದ ಎರಡನ್ನು ಕಳೆದಿದೆ; ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ನಾವೇ ಎರಡನೆಯ ತರಗತಿಯಲ್ಲಿ ಹೇಳಿದ ಮಾತನ್ನು ಅದು ನಿಷ್ಠೆಯಿಂದ ಪಾಲಿಸಿದೆ. ಅಂಥ ಮಗುವಿಗೆ ‘ತಪ್ಪು, ಕೂತುಕೋ’ ಎನ್ನುವ ಬದಲು ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿ, ಐದು ಹತ್ತರ ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಕೈಗೆ ಕೊಟ್ಟು ಮೂವತ್ತೇಳು ಕಡ್ಡಿಗಳನ್ನು ತೆಗೆಯಲು ಹೇಳಿ. ಒಂದು ಕಟ್ಟನ್ನು ಬಿಚ್ಚದೆ ಬೇರೆ ದಾರಿಯಿಲ್ಲವೆಂಬುದನ್ನು ಅದರ ಕೈಯೇ ಕಂಡುಕೊಳ್ಳುತ್ತದೆ.

ಆ ತಾಂಡಾದ ಹುಡುಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ನೋಟ್‌ಬುಕ್ ನನ್ನ ಕೈಗೆ ಬಂದದ್ದು ಆಮೇಲೆ. ಊರು ಬಿಡುವ ಹೊತ್ತಿಗೆ ನಾವು ಹನ್ನೆರಡರ ಮಗ್ಗಿಯವರೆಗೆ ಬಂದಿದ್ದೆವು. ಹದಿಮೂರರ ಮಗ್ಗಿಯನ್ನು ಅವಳೇ ಗುಡಿಸಲಿನಲ್ಲಿ ಕೂತು ಬರೆದಿದ್ದಳು: 13, 26, 39, 52, 64, 77, 90, 103, 116, 129. ಅವಸರದಲ್ಲಿ ತಿದ್ದುವವರು ಇದರಲ್ಲಿ ಆರು ತಪ್ಪು ಎಣಿಸುತ್ತಾರೆ. ನಿಧಾನವಾಗಿ ನೋಡಿದರೆ ತಪ್ಪು ಇರುವುದು ಒಂದೇ: 52ಕ್ಕೆ 13 ಕೂಡಿಸುವಲ್ಲಿ ಒಂದು ಕಡಿಮೆಯಾಗಿದೆ, ಅಲ್ಲಿಂದ ಮುಂದೆ ಐದು ಸಲವೂ ಹದಿಮೂರನ್ನು ಸರಿಯಾಗಿಯೇ ಕೂಡಿಸಿದ್ದಾಳೆ. ಬಾಯಿಪಾಠ ಮಾಡಿ ಒಪ್ಪಿಸಿದ ಎಷ್ಟೋ ಮಕ್ಕಳಿಗೆ ತಿಳಿಯದ ಸಂಗತಿ, ಅಂದರೆ ಮಗ್ಗಿ ಎಂದರೆ ಕೂಡುತ್ತಾ ಹೋಗುವುದು ಎಂಬುದು, ಹೇಳಿಕೊಡುವವರಿಲ್ಲದೆ ಅವಳಿಗೆ ತಿಳಿದಿತ್ತು. ನಾನು 64ರ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಟ್ಟು, “ಇಲ್ಲೊಂದು ಸಲ ತಿರುಗಿ ಕೂಡಿಸು” ಎಂದೆ. ಅವಳು ಬೆರಳು ಮಡಚಿ ಎಣಿಸಿ, ಏನೂ ಹೇಳದೆ, ರಬ್ಬರ್ ತೆಗೆದುಕೊಂಡು ಕೆಳಗಿನವೆಲ್ಲವನ್ನೂ ಅಳಿಸತೊಡಗಿದಳು.

ಮೂರನೆಯದು ಭಾಷೆಯ ಪ್ರಶ್ನೆ. ಮಂಡ್ಯ, ಮೈಸೂರು ಕಡೆಯ ಅನೇಕ ಮನೆಗಳಲ್ಲಿ ಹಾಲು ‘ಆಲು’ ಆಗಿರುತ್ತದೆ, ಹಕ್ಕಿ ‘ಅಕ್ಕಿ’ ಆಗಿರುತ್ತದೆ. ಮಗು ಹಾಗೆಯೇ ಓದಿದಾಗ ಅದನ್ನು ಅನುಕರಿಸಿ ನಗಿಸುವುದು ಶಿಕ್ಷಕರಿಗೆ ಬಹಳ ಸುಲಭವಾಗಿ ಒದಗುವ ತಮಾಷೆ. ಆದರೆ ಆ ನಗು ತಾಗುವುದು ಮಗುವಿನ ಅಮ್ಮನಿಗೆ, ಅಜ್ಜಿಗೆ. ‘ಮನೆಯಲ್ಲಿ ನಾವು ಆಲು ಅನ್ನುತ್ತೇವೆ, ಪುಸ್ತಕದಲ್ಲಿ ಹಾಲು ಎಂದು ಬರೆಯುತ್ತೇವೆ, ಎರಡೂ ನಮಗೆ ಗೊತ್ತು’ ಎಂದು ಹೇಳಿದರೆ ತಿದ್ದಿದಂತೆಯೂ ಆಯಿತು, ಮನೆಯ ಮಾತಿಗೆ ಮರ್ಯಾದೆ ಕೊಟ್ಟಂತೆಯೂ ಆಯಿತು. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು, ಮರಾಠಿ ಆಡುವ ಮಕ್ಕಳಿಗೆ ಉತ್ತರವನ್ನು ಮೊದಲು ತಮ್ಮ ಮಾತಿನಲ್ಲಿ ಹೇಳಲು ಬಿಡಿ. ನಿಮಗೆ ಅರ್ಥವಾಗದಿದ್ದರೆ ಪಕ್ಕದ ಮಗು ಕನ್ನಡಕ್ಕೆ ತಂದು ಹೇಳಲಿ. ಆ ಐದು ನಿಮಿಷ ಶಿಕ್ಷಕರೂ ಕಲಿಯುವವರಾಗುತ್ತಾರೆ, ಅದರಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಹಂತ 4: ನೋಟ್‌ಬುಕ್ ತಿದ್ದುವಾಗ

ಒಂದು ಪುಟದಲ್ಲಿ ಹದಿನೈದು ಕಾಗುಣಿತದ ತಪ್ಪುಗಳಿದ್ದರೆ ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಸುತ್ತಬೇಡಿ. ಈ ವಾರ ಒತ್ತಕ್ಷರ, ಮುಂದಿನ ವಾರ ದೀರ್ಘ ಎಂದು ಒಂದೊಂದನ್ನೇ ಹಿಡಿದು ತಿದ್ದಿದರೆ ಮಗುವಿಗೆ ನಿಭಾಯಿಸಲು ಸಾಧ್ಯವಾಗುತ್ತದೆ. ‘ಗುಡ್’ ಎಂಬ ಒಂದು ಪದಕ್ಕಿಂತ ‘ಮಳೆಯ ಸದ್ದಿನ ಬಗ್ಗೆ ಬರೆದ ಸಾಲು ಚೆನ್ನಾಗಿದೆ’ ಎಂಬ ಒಂದು ವಾಕ್ಯವನ್ನು ಮಗು ಮನೆಗೆ ಹೋಗಿ ತೋರಿಸುತ್ತದೆ. ಅಂಕಗಳನ್ನು ಗಟ್ಟಿಯಾಗಿ ಓದಿ ಹೇಳುವ, ಕಡಿಮೆ ಬಂದವರನ್ನು ಎದ್ದು ನಿಲ್ಲಿಸುವ ಪದ್ಧತಿಯನ್ನು ಇಂದೇ ನಿಲ್ಲಿಸಬಹುದು. ಅದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.

ಹಂತ 5: ಮಗು ತಪ್ಪು ಮಾಡಿದಾಗ

ಕಾನೂನು ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಉಲ್ಲಂಘಿಸಿದವರು ಸೇವಾ ನಿಯಮಗಳ ಪ್ರಕಾರ ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ. ಪಠ್ಯಕ್ರಮ ಮತ್ತು ಮೌಲ್ಯಮಾಪನವನ್ನು ರೂಪಿಸುವಾಗ ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸುವುದನ್ನು ಗಮನದಲ್ಲಿಡಬೇಕೆಂದು ಅದೇ ಕಾಯ್ದೆಯ 29ನೆಯ ಸೆಕ್ಷನ್ ಹೇಳುತ್ತದೆ. ಬೆತ್ತವನ್ನು ಬಿಟ್ಟವರಲ್ಲೂ ಬಸ್ಕಿ ಹೊಡೆಸುವುದು, ಕಿವಿ ಹಿಂಡುವುದು, ಬಿಸಿಲಿನಲ್ಲಿ ನಿಲ್ಲಿಸುವುದು, ‘ನಿನ್ನ ತಲೆಯಲ್ಲಿ ಸೆಗಣಿ ಇದೆ’ ಎಂಬಂಥ ಮಾತುಗಳು ಉಳಿದುಕೊಂಡಿವೆ. ‘ನಮ್ಮ ಮೇಷ್ಟ್ರು ಹೊಡೆದಿದ್ದರಿಂದಲೇ ನಾವು ಉದ್ಧಾರವಾದೆವು’ ಎನ್ನುವವರಿಗೆ ನನ್ನದೊಂದು ಮರುಪ್ರಶ್ನೆಯಿದೆ: ಆ ಏಟು ತಾಳಲಾರದೆ ಶಾಲೆ ಬಿಟ್ಟ ನಿಮ್ಮ ಪಕ್ಕದ ಬೆಂಚಿನವನು ಇವತ್ತು ಈ ಮಾತಿಗೆ ಸಾಕ್ಷಿ ಹೇಳಲು ಎಲ್ಲಿದ್ದಾನೆ?

ಹೊಡೆಯದೆ ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಬ್ಬರು ಹುಡುಗರು ಜಗಳವಾಡಿ ಒಬ್ಬನು ಇನ್ನೊಬ್ಬನ ಪುಸ್ತಕ ಹರಿದಿದ್ದಾನೆ ಎಂದುಕೊಳ್ಳಿ. ಕುರ್ಚಿಯಿಂದಲೇ ಕೂಗದೆ ಅವರ ಬಳಿಗೆ ನಡೆದು ಹೋಗಿ, ದನಿಯನ್ನು ತಗ್ಗಿಸಿ, ಇಬ್ಬರನ್ನೂ ಬೇರೆ ಬೇರೆ ಕಡೆ ಕೂರಿಸಿ ಪಾಠವನ್ನು ಮುಂದುವರಿಸಿ; ಸಿಟ್ಟು ಇಳಿಯುವ ಮೊದಲು ವಿಚಾರಣೆ ನಡೆಸಿದರೆ ಸುಳ್ಳು ಮಾತ್ರ ಹೊರಬರುತ್ತದೆ. ಬಿಡುವಿನಲ್ಲಿ ಒಬ್ಬೊಬ್ಬನನ್ನಾಗಿ ಕರೆದು ‘ಯಾಕೆ ಹರಿದೆ?’ ಎನ್ನುವ ಬದಲು ‘ಏನಾಯಿತು?’ ಎಂದು ಕೇಳಿ. ‘ಯಾಕೆ’ ಎಂದಾಗ ಮಗು ನೆಪ ಹುಡುಕುತ್ತದೆ, ‘ಏನಾಯಿತು’ ಎಂದಾಗ ನಡೆದದ್ದನ್ನು ಹೇಳುತ್ತದೆ. ಆಮೇಲೆ ‘ಇದನ್ನು ಹೇಗೆ ಸರಿಮಾಡುತ್ತೀಯ?’ ಎಂದು ಅವನಿಗೇ ಬಿಡಿ. ಹರಿದ ಹಾಳೆಗಳನ್ನು ಅಂಟಿಸುತ್ತೇನೆ, ಹೋದ ಪುಟಗಳನ್ನು ಬರೆದುಕೊಡುತ್ತೇನೆ ಎಂದು ಅವನೇ ಹೇಳಿದರೆ ಅದನ್ನು ಮಾಡಿ ಮುಗಿಸುವವರೆಗೆ ಬೆನ್ನು ಬಿಡಬೇಡಿ. ಆ ಕೆಲಸವನ್ನು ಪೂರ್ತಿ ಮಾಡಿಸುವ ಬಿಗಿಯೂ ಕರುಣೆಯ ಭಾಗವೇ.

ಹಂತ 6: ಊಟ, ನೀರು, ಶೌಚಾಲಯ

ಬೆಳಿಗ್ಗೆ ಹಸಿದು ಬರುವ ಮಕ್ಕಳು ಯಾರೆಂದು ತಿಳಿದಿರಲಿ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಕೆಲವರಿಗೆ ದಿನದ ಮೊದಲ ಆಹಾರವಾಗಿರಬಹುದು. ಬಿಸಿಯೂಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುವುದಿಲ್ಲ ಎಂಬುದನ್ನು ನೋಡಿ, ಆಗಾಗ ನೀವೂ ಆ ಸಾಲಿನಲ್ಲಿಯೇ ತಟ್ಟೆ ಹಿಡಿದು ಕೂತು ಉಣ್ಣಿ. ಜಾತಿಯ ಬಗೆಗಿನ ಭಾಷಣಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಶೌಚಾಲಯಕ್ಕೆ ಹೋಗಲು ಕೇಳಿದ ಮಗುವನ್ನು ತಡೆಯಬೇಡಿ. ಆರನೆಯ ತರಗತಿಯಿಂದ ಮೇಲಿನ ಹುಡುಗಿಯರಿಗೆ ಕೈ ಸನ್ನೆಯಷ್ಟರಿಂದಲೇ ಹೊರಗೆ ಹೋಗುವ ಅನುಮತಿ ಇರಲಿ, ಪ್ಯಾಡ್ ಎಲ್ಲಿದೆ ಎಂಬುದು ಯಾರನ್ನೂ ಕೇಳದೆ ಅವರಿಗೆ ತಿಳಿದಿರಲಿ.

ಹಂತ 7: ಮನೆಯವರೊಂದಿಗೆ ಮಾತನಾಡುವಾಗ

ತಂದೆತಾಯಿಯನ್ನು ಶಾಲೆಗೆ ಕರೆಸುವುದೆಂದರೆ ನಮ್ಮಲ್ಲಿ ದೂರು ಹೇಳುವುದಕ್ಕೇ ಎಂಬಂತಾಗಿದೆ. ವರ್ಷದ ಮೊದಲ ಭೇಟಿ ಒಂದು ಒಳ್ಳೆಯ ಸಂಗತಿ ಹೇಳುವುದಕ್ಕಾಗಿ ನಡೆಯಲಿ. ಕೂಲಿಗೆ ಹೋಗುವವರನ್ನು ಹನ್ನೊಂದು ಗಂಟೆಗೆ ಕರೆದರೆ ಒಂದು ದಿನದ ದುಡಿಮೆ ಹೋಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಸಾಧ್ಯವಾದಲ್ಲಿ ಸಂಜೆ ನೀವೇ ಮನೆಯ ಕಡೆ ಹೋಗಿ ಬನ್ನಿ. ನೀವು ಹೇಳಿದ ದೂರಿನಿಂದ ಅಂದು ರಾತ್ರಿ ಮಗುವಿಗೆ ಏಟು ಬೀಳುವ ಸಂಭವವಿದ್ದರೆ, ಅದನ್ನು ಹೇಳದೆ ಶಾಲೆಯಲ್ಲಿಯೇ ಬಗೆಹರಿಸುವುದು ಉತ್ತಮ.

ಹಂತ 8: ಮಗು ಭಾರವಾದ ವಿಷಯವೊಂದನ್ನು ಹೇಳಿಕೊಂಡಾಗ

ಲೈಂಗಿಕ ದೌರ್ಜನ್ಯ, ಮನೆಯಲ್ಲಿನ ಹಿಂಸೆ, ನಿಶ್ಚಯವಾಗಿರುವ ಬಾಲ್ಯವಿವಾಹ, ಇಂಥದ್ದನ್ನು ಮಗು ಹೇಳಿದಾಗ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು, ಏಕೆಂದರೆ ಆ ಮಾತನ್ನು ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ. ‘ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ, ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ತಿಳಿಸುತ್ತೇನೆ’ ಎನ್ನಿ. ಮತ್ತೆ ಮತ್ತೆ ಕೇಳಿ ವಿವರ ಕೆದಕಬೇಡಿ. ಮಗು ಹೇಳಿದ ಮಾತನ್ನು ಅದೇ ಪದಗಳಲ್ಲಿ ದಿನಾಂಕ ಸಮೇತ ಬರೆದಿಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ, 2012ರ 19ನೆಯ ಸೆಕ್ಷನ್ ಪ್ರಕಾರ ಅಂಥ ಅಪರಾಧ ನಡೆದಿದೆ ಎಂದು ತಿಳಿದವರು ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಸೆಕ್ಷನ್ ಅಡಿಯಲ್ಲಿ ಶಿಕ್ಷೆಯಿದೆ. ‘ಶಾಲೆಯ ಹೆಸರು ಕೆಡುತ್ತದೆ, ಊರಿನ ಹಿರಿಯರ ಮುಂದೆ ಕೂತು ಮುಗಿಸೋಣ’ ಎಂಬ ಸಲಹೆ ಬಂದೇ ಬರುತ್ತದೆ, ಅದಕ್ಕೆ ಒಪ್ಪಬೇಡಿ. ದಿನದ 24 ಗಂಟೆಯೂ ಉಚಿತವಾಗಿ ಸಿಗುವ ಮಕ್ಕಳ ಸಹಾಯವಾಣಿ 1098ಕ್ಕೆ ಶಿಕ್ಷಕರೂ ಕರೆ ಮಾಡಬಹುದು. ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್ ಸೇವೆಯ 14416 ಸಂಖ್ಯೆ ಇದೆ. ಎರಡನ್ನೂ ತರಗತಿಯ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರದಲ್ಲಿ ಬರೆಸಿ.

ಹಂತ 9: ನಿಮ್ಮ ಸಿಟ್ಟು, ನಿಮ್ಮ ಕ್ಷಮೆ

ಮಾಹಿತಿ ತುಂಬುವ ಕೆಲಸ, ಸಭೆ, ಸಮೀಕ್ಷೆ, ಇವುಗಳ ನಡುವೆ ಬೇಸತ್ತ ಶಿಕ್ಷಕರಿಂದ ಸದಾ ತಾಳ್ಮೆಯನ್ನು ನಿರೀಕ್ಷಿಸುವುದು ಅನ್ಯಾಯ ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ನಿಮ್ಮ ಸಿಟ್ಟು ಯಾವ ಅವಧಿಯಲ್ಲಿ ಬರುತ್ತದೆಂದು ಒಂದು ವಾರ ಗುರುತು ಹಾಕಿ ನೋಡಿ. ನನ್ನದು ಊಟದ ನಂತರದ ಮೊದಲ ಅವಧಿ. ಅದನ್ನು ತಿಳಿದ ಮೇಲೆ ಆ ಅವಧಿಯಲ್ಲಿ ಲೆಕ್ಕ ಬಿಟ್ಟು ಕಥೆ ಓದುವುದನ್ನು ಇಟ್ಟುಕೊಂಡೆ. ಮಾತು ಮಿತಿಮೀರಿದಾಗ ಕ್ಷಮೆ ಕೇಳಬೇಕು, ಮತ್ತು ಅವಮಾನ ಎಲ್ಲರೆದುರು ನಡೆದಿದ್ದರೆ ಕ್ಷಮೆಯೂ ಎಲ್ಲರೆದುರೇ ನಡೆಯಬೇಕು. ತಾಂಡಾದಿಂದ ಆ ಹುಡುಗಿಯನ್ನು ಕರೆತಂದ ಮರುದಿನ ಹಾಜರಿಯಾದ ಮೇಲೆ, “ಮೊನ್ನೆ ನಾನು ಹಂಗ ಅಂದಿದ್ದು ತಪ್ಪಾತು” ಎಂದೆ. ಯಾರೂ ನಗಲಿಲ್ಲ, ಅವಳು ತಲೆ ತಗ್ಗಿಸಿಕೊಂಡು ಪೆನ್ಸಿಲ್ ಚೂಪು ಮಾಡುತ್ತಲೇ ಇದ್ದಳು. ಕ್ಷಮೆ ಕೇಳಿದ ಕೂಡಲೇ ಮಗು ಕರಗಬೇಕೆಂದು ಕಾಯಬೇಡಿ.

ಹಂತ 10: ಮಗುವನ್ನು ಕಳುಹಿಸಿಕೊಡುವಾಗ

ವರ್ಗಾವಣೆ ಪತ್ರವನ್ನು ಕೇಳಿದ ಕೂಡಲೇ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಹೇಳುತ್ತದೆ. ನಾಲ್ಕು ಸಲ ಅಲೆದಾಡಿಸುವುದು ಸಲ್ಲದು. ಟಿ.ಸಿ.ಯಲ್ಲಿ ಜನ್ಮ ದಿನಾಂಕ, ಜಾತಿ, ನಡತೆಗೆ ಕಾಲಂ ಇರುತ್ತದೆ, ಮಗು ಹೇಗೆ ಕಲಿಯುತ್ತದೆ ಎಂಬುದಕ್ಕೆ ಜಾಗವಿರುವುದಿಲ್ಲ. ಆದ್ದರಿಂದ ಮಗುವಿನ ಮನೆಯವರ ಒಪ್ಪಿಗೆ ಪಡೆದು, ಮುಂದಿನ ಶಿಕ್ಷಕರಿಗೆ ಒಂದು ಚೀಟಿ ಬರೆದುಕೊಡುವುದನ್ನು ರೂಢಿ ಮಾಡಿಕೊಳ್ಳಿ. ದೂರು ಬೇಡ, ಉಪಯೋಗಕ್ಕೆ ಬರುವ ಮೂರು ಸಾಲು ಸಾಕು. ಏಳನೆಯ ತರಗತಿ ಮುಗಿಸಿ ಆ ಹುಡುಗಿ ಹೈಸ್ಕೂಲಿಗೆ ಹೊರಟಾಗ ನಾನು ಬರೆದದ್ದು ಇಷ್ಟು: ‘ಬಾಯಿಪಾಠ ಬರುವುದಿಲ್ಲ, ಆದರೆ ಲೆಕ್ಕವನ್ನು ತಾನೇ ಕಟ್ಟಿಕೊಂಡು ಮಾಡುತ್ತಾಳೆ, ಸ್ವಲ್ಪ ಹೊತ್ತು ಕೊಡಬೇಕು. ದೀಪಾವಳಿಯ ನಂತರ ಕೆಲವು ತಿಂಗಳು ಬರದಿರಬಹುದು, ಹೋಗುವ ಮೊದಲು ಎರಡು ಪಾಠ ಬರೆದುಕೊಟ್ಟು ಕಳುಹಿಸಿದರೆ ಮಾಡಿಕೊಂಡು ಬರುತ್ತಾಳೆ. ಮರಳಿ ಬಂದ ದಿನ ಎಲ್ಲಿಗೆ ಹೋಗಿದ್ದೆ ಎಂದು ಎಲ್ಲರೆದುರು ಕೇಳಬೇಡಿ.’